ಅರ್ಧ ಕೈ, ಅರ್ಧ ಡಬ್ಬಿ

ಮಾನ್ವಿಗೆ ಹೋದ ದಿನ ನಾನು ಮಾಡಿದ ಕೆಲಸಗಳು ಇವು. ನಳ ಬರುವ ಹೊತ್ತಿಗೆ ಎದ್ದು ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಚಾ ಪಾತ್ರೆಯನ್ನೂ ಬಿಡದೆ ನೀರು ತುಂಬಿಸಿದ್ದು. ಅಂಗಳ ಗುಡಿಸಿದ್ದು. ಮನೆಯವರ ಬಲಗೈಗೆ ಎಣ್ಣೆ ತಿಕ್ಕಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದ್ದು. ಅವರ ಬಿಳಿ ಅಂಗಿಯ ಬಟನ್ ಕಿತ್ತು ಆ ಜಾಗಕ್ಕೆ ಒತ್ತಿದರೆ ಕೂಡುವ ಟಿಚ್ ಬಟನ್ ಹೊಲಿದದ್ದು. ರೊಟ್ಟಿ ಬಡಿದದ್ದು, ಪುಂಡಿಪಲ್ಯ ಮಾಡಿದ್ದು. ಎಕೋ ಡಬ್ಬಿಗೆ ಹೊಸ ಬ್ಯಾಟರಿ ಹಾಕಿ, ತಳದ ಸ್ಕ್ರೂಗಳನ್ನು ಬಿಗಿ ಮಾಡಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಚೀಲದ ತಳದಲ್ಲಿ ಇಟ್ಟದ್ದು. ಬೀಗ ಹಾಕಿದ್ದು, ಹಾಕಿದ್ದೇನೋ ಇಲ್ಲವೋ ಎಂದು ಓಣಿಯ ತಿರುವಿನಿಂದ ವಾಪಸ್ಸು ಬಂದು ಜಗ್ಗಿ ನೋಡಿದ್ದು.

ಎಕೋ ಡಬ್ಬಿಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಮನೆಯವರು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಅದು ಹೊಟ್ಟೆಯ ಕೆಲಸ. ಜನ ಅವರನ್ನು ಗುರುತಿಸುವುದು ಗಿಟಾರಿನಿಂದ. ಹರೆಯದಲ್ಲಿ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದವರು. ಆರ್ಕೆಸ್ಟ್ರಾಗಳು ಒಂದೊಂದಾಗಿ ನಿಂತುಹೋದ ಮೇಲೆ ಅದೇ ಕರೆಂಟಿನ ಗಿಟಾರನ್ನು ದೇವದುರ್ಗದ ಒಂದು ಭಜನೆಯ ಮೇಳಕ್ಕೆ ಒಯ್ದರು. ಏಕತಾರಿ, ಢೋಲಕ್ಕು, ತಾಳಗಳ ನಡುವೆ ಇದೇನು ಎಂದು ಮೊದಮೊದಲು ಹಿರಿಯರು ಮೂಗು ಮುರಿದರಂತೆ. ಆಮೇಲೆ ಅದಿಲ್ಲದೆ ಹಾಡಲಾಗದಂತಾಯಿತು. ಹಾಡಿನ ಒಂದು ನುಡಿ ಮುಗಿದು ಇನ್ನೊಂದು ನುಡಿ ಶುರುವಾಗುವ ನಡುವಿನ ಜಾಗದಲ್ಲಿ ಇವರ ಗಿಟಾರು ಒಲೆಯ ಮೇಲಿನ ಜೋಳದ ಕಾಳಿನಂತೆ ಪಟಪಟ ಸಿಡಿಯುತ್ತಿತ್ತು. ಮಠದಲ್ಲಾಗಲಿ, ಯಾರದೋ ಮನೆ ಪ್ರವೇಶದಲ್ಲಾಗಲಿ, ಹೆಂಗಸರ ಸಾಲಿನಲ್ಲಿ ಕೂತು ಆ ಪಟಪಟ ಬರುವುದನ್ನೇ ನಾನು ಕಾಯುತ್ತಿದ್ದೆ.

ಹೋದ ವರ್ಷ ಇವರಿಗೆ ಲಕ್ವಾ ಹೊಡೆಯಿತು. ಬಲಗಡೆ. ದವಾಖಾನೆಯಿಂದ ಮನೆಗೆ ಬಂದ ಮೇಲೆ ಕಾಲು ಬಂತು, ಮಾತು ಬಂತು. ಬಾಯಿಯ ಬಲಮೂಲೆ ಸ್ವಲ್ಪ ಜೋತೇ ಉಳಿಯಿತು. ಬಲಗೈ ಅರ್ಧ ಬಂತು. ಸುಮ್ಮನೆ ಮಾತಿಗೆ ಅರ್ಧ ಎನ್ನುತ್ತಿಲ್ಲ. ಮೊದಲು ಎರಡು ಸಲ ತಂತಿ ಮೀಟುತ್ತಿದ್ದ ಹೊತ್ತಿನಲ್ಲಿ ಈಗ ಒಂದೇ ಸಲ ಮೀಟಲು ಆಗುತ್ತಿತ್ತು. ಎಡಗೈ ಬೆರಳುಗಳು ಮಾತ್ರ ತಂತಿಗಳ ಮೇಲೆ ಹಿಂದಿನಂತೆಯೇ ಓಡುತ್ತಿದ್ದವು. ಬಲಗೈ ಬರುವುದನ್ನು ಕಾದು ಕಾದು ಅವೂ ನಿಂತುಬಿಡುತ್ತಿದ್ದವು.

ಮೇಳದಲ್ಲಿ ಮುಂದೆ ನಿಂತು ಹಾಡುವ ಹಿರಿಯರನ್ನು ನಾವೆಲ್ಲ ಅಣ್ಣಾರು ಎನ್ನುತ್ತೇವೆ. ದೇವದುರ್ಗದಿಂದ ಅವರೇ ಬಸ್ಸು ಹತ್ತಿ, ಬಾಳೆಹಣ್ಣು ಹಿಡಿದು ನೋಡಲು ಬಂದರು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು.

“ತಮ್ಮಾ, ನೀ ಮೊದಲ ಆರಾಮ ಆಗು. ಅಲ್ಲೀತನಕ ಜಾಲಹಳ್ಳಿ ಮಾಸ್ತರೊಬ್ಬರು ಕೀಬೋರ್ಡ್ ಬಾರಿಸ್ತೀನಿ ಅಂದಾರ. ಮ್ಯಾಳ ನಡೀಬೇಕಲ್ಲ.”

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮರುದಿನ ಬೆಳಿಗ್ಗೆ ಇವರು ಏಳಲಿಲ್ಲ. ಚಾ ತಂದಿಟ್ಟು ಕರೆದೆ.

“ಏಳ್ರಿ, ಚಾ ಆರಾಕತ್ತದ.”

“ಯಾಕ ಏಳ್ಬೇಕು?”

“ಸಾಲಿಗಿ ಹೋಗಬೇಕಲ್ಲ.”

“ಸಾಲಿಗಿ ನಾನೇ ಬೇಕಂತೇನಿಲ್ಲ. ಆ ಕುರ್ಚಿ ಮ್ಯಾಲ ಯಾರ ಕುಂತ್ರೂ ನಡೀತದ, ನನಗೇನೂ ಅನಸಂಗಿಲ್ಲ. ಮ್ಯಾಳದಾಗಿನ ಜಾಗ ಹೋದ್ರ ನಾ ಎದಕ್ಕ ಏಳ್ಬೇಕು, ನೀನೇ ಹೇಳು.”

ಮುಖ ಗೋಡೆಯ ಕಡೆಗಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಆ ದಿನದಿಂದ ಅವರ ಗುಳಿಗೆಗಳನ್ನೆಲ್ಲ ನನ್ನ ಸೀರೆಗಳ ಮಡಿಕೆಯಲ್ಲಿ ಇಡತೊಡಗಿದೆ. ಹೊತ್ತಿಗೆ ಎಷ್ಟು ಬೇಕೋ ಅಷ್ಟನ್ನೇ ತೆಗೆದು ಕೈಗೆ ಕೊಡುತ್ತಿದ್ದೆ.

ಡಬ್ಬಿಯ ಉಪಾಯ ಅವರದೇ. ಒಂದು ಭಾನುವಾರ ನಾನು ಬಟ್ಟೆ ಒಗೆದು ಒಳಗೆ ಬಂದಾಗ ಗಿಟಾರಿಗೆ ಆ ಹಳೆಯ ಪೆಡಲ್ಲನ್ನು ಜೋಡಿಸಿಕೊಂಡು ಕೂತಿದ್ದರು. ಆರ್ಕೆಸ್ಟ್ರಾ ಕಾಲದ್ದು. ಅಂಗೈಯಷ್ಟು ಅಗಲದ ಕಬ್ಬಿಣದ ಪೆಟ್ಟಿಗೆ, ಮೇಲೆ ಮೂರು ನಾಬು, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಮೀಟಿದ ಸ್ವರವನ್ನು ಕೊಂಚ ತಡೆದು ಇನ್ನೊಮ್ಮೆ ನುಡಿಸುವುದು ಅದರ ಕೆಲಸ. ಮೇಳದಲ್ಲಿ ಅದನ್ನು ಎಲ್ಲರೂ ಎಕೋ ಡಬ್ಬಿ ಎನ್ನುತ್ತಿದ್ದರು.

“ಇಲ್ಲಿ ಬಾ. ಕೇಳಿಲ್ಲಿ” ಎಂದು ಒಂದು ಸಲ ಮೀಟಿದರು. ಎರಡು ಕೇಳಿಸಿತು.

“ನಾ ಅರ್ಧ ಬಾರಿಸಿದ್ರ ಉಳಿದ ಅರ್ಧ ಇದು ಬಾರಿಸ್ತದ. ಖರೇದೊಂದು, ಇದರದೊಂದು, ಖರೇದೊಂದು, ಇದರದೊಂದು. ತಿಳೀತಾ?”

ತಿಳಿಯಿತು. ತಿಳಿದ ಮೇಲೆ ನಾನು ಒಂದು ಮಾತು ಹೇಳಿಬಿಟ್ಟೆ. “ಎರಡನೇದು ಕೌದಿ ಹೊದ್ದುಕೊಂಡು ಮಾತಾಡಿದಂಗ ಕೇಳಸ್ತದಲ್ರೀ.”

ಅವರ ಮುಖ ಇಳಿಯಿತು. “ಅದೇ ಆಗ್ಯಾದ ತಕ್ರಾರು” ಎಂದರು. “ಕಿವಿ ಇದ್ದಾಂವ ಯಾವನಾದ್ರೂ ಹಿಡೀತಾನ.”

ಹೊಸದೊಂದು ತರೋಣ, ಈಗಿನ ಡಿಜಿಟಲ್ ಪೆಡಲ್ಲುಗಳು ಸ್ವರವನ್ನು ಇದ್ದದ್ದು ಇದ್ದ ಹಾಗೆ ವಾಪಸ್ಸು ಕೊಡುತ್ತವಂತೆ ಎಂದೆ. ಕೈ ಅಡ್ಡ ಆಡಿಸಿದರು. “ಹೊಸ ಡಬ್ಬಿ ನೋಡಿದ್ರ ಮಂದಿ ಕೇಳ್ತಾರ, ಯಾಕ ತಂದಿ, ಏನ್ ಮಾಡ್ತದ ಅಂತ. ಇದನ್ನ ಎಲ್ಲರೂ ನೋಡ್ಯಾರ. ಹಳೇದಕ್ಕ ಯಾರೂ ಏನೂ ಕೇಳಂಗಿಲ್ಲ.”

ಹೀಗಾಗಿ ಹಳೆಯ ಡಬ್ಬಿಯ ಹೊಟ್ಟೆ ಸೀಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ದಿನಾ ಯರಗೇರಾದ ಬಸ್ಸು ಹಿಡಿದು ಹೋಗಿ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಕೆಲಸ ಮಾಡುವವಳು. ಕಿತ್ತುಹೋದ ವೈರುಗಳಿಗೆ ಸೋಲ್ಡರ್ ಹಾಕಿ ಹಾಕಿ ಅಷ್ಟರ ಮಟ್ಟಿಗೆ ಕೈ ಕುದುರಿತ್ತು. ಪೆಡಲ್ಲಿನ ನಕಾಶೆ ಮೊಬೈಲಿನಲ್ಲಿ ಸಿಕ್ಕಿತು. ನಮ್ಮ ಪ್ರಯೋಗಾಲಯದ ಮೇಡಂ ಅದನ್ನು ನೋಡಿ, ಯಾವ ಭಾಗ ಏನು ಮಾಡುತ್ತದೆಂದು ಮಧ್ಯಾಹ್ನ ಬುತ್ತಿ ಉಣ್ಣುತ್ತಲೇ ಹೇಳಿಕೊಟ್ಟರು. ಯಾರಿಗೆ, ಯಾಕೆ ಎಂದು ಅವರಿಗೂ ನಾನು ಹೇಳಲಿಲ್ಲ.

ನನಗೆ ಅರ್ಥವಾದದ್ದು ಹೀಗೆ. ನಮ್ಮವ್ವ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಮಾಳಿಗೆಗೆ ಕಾಂಕ್ರೀಟು ಹಾಕುವಾಗ ಹೆಂಗಸರು ನೆಲದಿಂದ ಮೇಲಿನ ತನಕ ಸಾಲಾಗಿ ನಿಲ್ಲುತ್ತಿದ್ದರು. ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಡಬ್ಬಿಯೊಳಗಿನ ಕಪ್ಪು ಐಸಿ ಚಿಪ್ಪಿನಲ್ಲೂ ಅಂಥದೇ ಒಂದು ಸಾಲು. ಮೀಟಿದ ಸ್ವರ ಆ ಸಾಲಿನಲ್ಲಿ ಕೈಯಿಂದ ಕೈಗೆ ದಾಟಿ ಆ ತುದಿ ಮುಟ್ಟುವಷ್ಟರಲ್ಲಿ ಹೊತ್ತಾಗಿರುತ್ತದೆ. ಅದೇ ಎಕೋ. ಆದರೆ ದಾಟುವಾಗ ಒಂದು ಸುಂಯ್ ಸದ್ದು ಬೆರೆಯುತ್ತದೆ. ಅದನ್ನು ಅಡಗಿಸಲು ಡಬ್ಬಿ ಮಾಡಿದವರು ಸಾಲಿನ ಹಿಂದೆ ಮುಂದೆ ಕೆಲವು ಕೆಪಾಸಿಟರುಗಳನ್ನು ಕೂಡಿಸಿರುತ್ತಾರೆ, ಹೆಸರುಬೇಳೆಯಷ್ಟು ಸಣ್ಣವು. ಅವು ಸದ್ದಿನ ಜೊತೆಗೆ ಸ್ವರದ ಮೇಲಿನ ಹೊಳಪನ್ನೂ ತಿಂದುಬಿಡುತ್ತವೆ. ಅವುಗಳ ಜಾಗಕ್ಕೆ ಇನ್ನೂ ಸಣ್ಣ ಮೌಲ್ಯದವನ್ನು ಹಾಕಿದರೆ ಹೊಳಪು ಉಳಿಯುತ್ತದೆ, ಸದ್ದೂ ಉಳಿಯುತ್ತದೆ. ಎಷ್ಟು ಸಣ್ಣದು ಎನ್ನುವುದನ್ನು ಕಿವಿಯೇ ಹೇಳಬೇಕು.

ಸಂಜೆ ಪಾತ್ರೆ ತೊಳೆದಿಟ್ಟು, ಅಡುಗೆಮನೆಯ ನೆಲದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹಾಸಿ ಕೂಡುತ್ತಿದ್ದೆ. ಹಳೆಯ ಕೆಪಾಸಿಟರುಗಳನ್ನು ಕಿತ್ತು, ಆ ತೂತುಗಳಿಗೆ ಸಣ್ಣ ಸಾಕೆಟ್ಟಿನ ತುಂಡುಗಳನ್ನು ಸೋಲ್ಡರ್ ಮಾಡಿದೆ. ಪ್ರತಿ ಸಲ ಕಾಯಿಸುವ ಕೆಲಸ ತಪ್ಪಿತು. ಚುಚ್ಚಿ ಕೇಳುವುದು, ಕಿತ್ತು ಇನ್ನೊಂದು ಚುಚ್ಚುವುದು. ಮೊದಲನೆಯ ಸಲ ತೀರಾ ಸಣ್ಣವು ಹಾಕಿದೆ. ಹೊಳಪು ಬಂತು, ಜೊತೆಗೆ ಸುಂಯ್ ಅಂತ ಸದ್ದು.

“ಕಾದ ಹಂಚಿನ ಮ್ಯಾಲ ನೀರು ಹೊಡದಂಗ ಆತು” ಎಂದರು. “ತಗೀ.”

ಇನ್ನೊಂದು ಜೋಡಿ ಹಾಕಿದಾಗ ಸದ್ದು ಹೋಯಿತು, ಕೌದಿ ವಾಪಸ್ಸು ಬಂತು. ಮುಂದಿನ ವಾರ ಮುಂದೆ ಒಂದು ಮೌಲ್ಯದ್ದು, ಹಿಂದೆ ಇನ್ನೊಂದು ಮೌಲ್ಯದ್ದು ಇಟ್ಟು ನೋಡಿದೆ. ಸ್ವರ ಸರಿಹೋಯಿತು, ಆದರೆ ಎರಡನೆಯದು ಮೊದಲಿನದಕ್ಕಿಂತ ಒಂದು ತೂಕ ಕಡಿಮೆ. ಅದಕ್ಕಾಗಿ ಒಂದು ರೆಸಿಸ್ಟರ್ ಬದಲಾಯಿಸಬೇಕಾಯಿತು. ಬೆರಳು ಸುಟ್ಟಿತು. ಹೊರಗೆ ಸೆಖೆ, ಫ್ಯಾನು ಹಾಕಿದರೆ ಸೋಲ್ಡರಿನ ಹೊಗೆ ನೇರ ಕಣ್ಣಿಗೆ. ಇವರು ಬಾಗಿಲಲ್ಲಿ ಕೂತು ನೋಡುತ್ತಿದ್ದರು. ನಾನು ಸ್ವಲ್ಪ ತಡಮಾಡಿದರೂ “ಆಗಲಿಲ್ಲೇನು?” ಎಂದು ಕೇಳುವರು. ಅದೇ ದನಿಯನ್ನು ದವಾಖಾನೆಯ ಹೊರಗೆ ಬೆಂಚಿನ ಮೇಲೆ ಕೂತವರ ಬಾಯಲ್ಲಿ ಕೇಳಿದ್ದೆ.

ಪರೀಕ್ಷೆ ನಡೆಯುತ್ತಿದ್ದುದು ರೊಟ್ಟಿ ಬಡಿಯುವ ಹೊತ್ತಿನಲ್ಲಿ. ನಾನು ಒಲೆಯ ಕಡೆ ಮುಖ ಮಾಡಿ ಕೂತು ಬಡಿಯುತ್ತಿದ್ದೆ. ಅವರು ಹಿಂದೆ ಕೂತು, ನನ್ನ ಬಡಿತಕ್ಕೆ ಸರಿಯಾಗಿ ಡಬ್ಬಿಯ ವೇಳೆಯ ನಾಬನ್ನು ತಿರುಗಿಸಿಟ್ಟುಕೊಂಡು ಬಾರಿಸುತ್ತಿದ್ದರು. ನನ್ನ ಕೈ ಮದುವೆಯಾಗಿ ಬಂದಾಗಿನಿಂದ ಒಂದೇ ಲಯದಲ್ಲಿ ಬಡಿಯುತ್ತದೆ. ಅವಸರವಿದ್ದರೂ ಅಷ್ಟೇ, ಜ್ವರವಿದ್ದರೂ ಅಷ್ಟೇ. ಅದಕ್ಕಿಂತ ನಂಬಿಕೆಯ ತಾಳ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ. ನಾಬು ನಿಂತ ಜಾಗಕ್ಕೆ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟೆವು. ಅವರು ಬಾರಿಸುತ್ತ ಹೋದ ಹಾಗೆ, ತಿರುಗಿ ನೋಡದೆ ನಾನು ಹೇಳಬೇಕು.

“ಕೈ. ಡಬ್ಬಿ. ಕೈ. ಡಬ್ಬಿ.”

ಎಷ್ಟೋ ದಿನ ನಾನು ಒಂದನ್ನೂ ತಪ್ಪಲಿಲ್ಲ. ತಪ್ಪಲಿ ಎಂದು ಬೇಡಿಕೊಂಡೇ ಸರಿಯಾಗಿ ಹೇಳುತ್ತಿದ್ದೆ. ಸುಳ್ಳು ಹೇಳಬಹುದಿತ್ತು, ಆದರೆ ಹೊರಗಿನವರ ಕಿವಿ ಸುಳ್ಳು ಹೇಳುವುದಿಲ್ಲವಲ್ಲ. ಕೊನೆಗೊಂದು ಸಂಜೆ, ಅವರು ಎಲ್ಲೋ ನಡುವಿನಿಂದ ಶುರುಮಾಡಿದಾಗ, ನಾನು ಕೈ ಎಂದೆ.

“ಡಬ್ಬಿ ಅದು” ಎಂದರು ಹಿಂದಿನಿಂದ.

ಇನ್ನೊಮ್ಮೆ ಬಾರಿಸಿದರು. ಡಬ್ಬಿ ಎಂದೆ.

“ಕೈ ಬೇ ಅದು, ನನ್ನ ಕೈ.”

ತಿರುಗಿ ನೋಡಿದರೆ ಬಾಯಿಯ ಒಂದೇ ಮೂಲೆಯಿಂದ ನಗುತ್ತಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತ್ತು. ಅದನ್ನೇ ಅವರು ಚಟ್ನಿ ಹಚ್ಚಿಕೊಂಡು ತಿಂದರು.

ದೇವದುರ್ಗಕ್ಕೆ ಹೋದೆವು. ಸೋಮವಾರ ಅಣ್ಣಾರ ಮನೆಯ ಪಡಸಾಲೆಯಲ್ಲಿ ಮೇಳ ಕೂಡುತ್ತದೆ. ಇವರ ಕೈ ಹಿಡಿದು ಬಸ್ಸು ಇಳಿಸಿದ್ದು ನಾನು, ಗಿಟಾರು ಹೊತ್ತದ್ದು ನಾನು. ಆ ದಿನ ಅಣ್ಣಾರಿಗೆ ಗಂಟಲು ಕಟ್ಟಿತ್ತು. ಒಂದೊಂದು ಭಜನೆಯ ಪದದ ಮೊದಲ ನುಡಿಯನ್ನಷ್ಟೇ ಮೆಲ್ಲಗೆ ಹಾಡಿ ಬಿಡುತ್ತಿದ್ದರು. ಇವರು ಗೋಡೆಗೆ ಒರಗಿ, ಬೆರಳು ಕಾಣದಂತೆ ಟವೆಲ್ಲನ್ನು ಬಲಗೈ ಮೇಲೆ ಇಳಿಬಿಟ್ಟುಕೊಂಡು ಬಾರಿಸಿದರು. ಪಟಪಟ ಬಂತು. ಢೋಲಕ್ಕಿನವನು ತಲೆ ಎತ್ತಿ ನೋಡಿದ. ಅಣ್ಣಾರು ಹಾಡು ನಿಲ್ಲಿಸಿಯೇಬಿಟ್ಟರು.

“ಕೈ ಬಂತಲ್ಲೋ ತಮ್ಮಾ.”

ಇವರು ತಲೆ ತಗ್ಗಿಸಿದರು. ನಾಚಿಕೆ ಎಂದುಕೊಂಡಿರಬೇಕು ಅವರು. ಅಣ್ಣಾರ ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತು, ನಾನು ಚಾ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಒಳಗೆ ನಿಂತೇ ಅವರ ಮಾತು ಕೇಳಿಸಿಕೊಂಡೆ.

“ಮಾನ್ವ್ಯಾಗ ರೈಸ್ ಮಿಲ್ಲಿನ ಹೊಸ ಮಷೀನಿನ ಪೂಜಿ ಅದ. ಅದಕ್ಕ ಮಾಸ್ತರು ಬ್ಯಾಡ, ನೀನೇ ಬಾ. ಅಲ್ಲಿ ಪೂರಾ ಬಾರಿಸಿದಿ ಅಂದ್ರ ಮಾಸ್ತರಿಗಿ ನಾ ಹೇಳ್ತೀನಿ, ನಮ್ಮಾಂವ ಬಂದಾನ, ನೀವು ಬರಾದು ಸಾಕು ಅಂತ.”

ಹಾಗಾಗಿ ಎಲ್ಲವೂ ಮಾನ್ವಿಯ ಮೇಲೆ ನಿಂತಿತು. ಅಲ್ಲಿಯ ತನಕ ದಿನಾ ಸಂಜೆ ರೊಟ್ಟಿ ಬಡಿತಕ್ಕೆ ಬಾರಿಸಿದ್ದೇ ಬಾರಿಸಿದ್ದು. ಇನ್ನೆಷ್ಟು ಹೇಳಲಿ, ಬೇಡವೆನ್ನುವಷ್ಟು ರೊಟ್ಟಿ ಆಗುತ್ತಿತ್ತು, ಪಕ್ಕದ ಮನೆಗೆ ಕೊಟ್ಟು ಬರುತ್ತಿದ್ದೆ.

ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಕಡೆ ಭತ್ತದ ಚೀಲಗಳ ಒಟ್ಟಲು, ಅದರ ನೆರಳಿನಲ್ಲಿ ಹೆಂಗಸರು. ತೌಡಿನ ವಾಸನೆ ಗಂಟಲು ಹಿಡಿಯುತ್ತಿತ್ತು. ಹೊಸ ಮಷೀನಿಗೆ ವಿಭೂತಿ ಬಳಿದು, ಹಾರ ಹಾಕಿ, ಬಾಳೆಕಂದು ಕಟ್ಟಿದ್ದರು. ಇವರನ್ನು ಜಮಖಾನೆಯ ತುದಿಯಲ್ಲಿ ಕೂಡಿಸಿ, ಡಬ್ಬಿಯನ್ನು ಎಡಗಾಲಿಗೆ ನಿಲುಕುವಂತೆ ಇಟ್ಟು, ನಾಬನ್ನು ಚುಕ್ಕೆಗೆ ಸರಿಮಾಡಿ, ಬಂದು ಹೆಂಗಸರ ನಡುವೆ ಕೂತೆ. ಯಾರೋ ಕೊಟ್ಟ ಶರಬತ್ತನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಪೂಜೆ ನಡೆಯುವ ಹೊತ್ತಿನ ಪದಗಳು ನಿಧಾನದವು. ಮೊದಲನೆಯದು ಮುಗಿಯಿತು, ಎರಡನೆಯದು ಮುಗಿಯಿತು. ನುಡಿ ನುಡಿಯ ನಡುವೆ ಪಟಪಟ ಸರಿಯಾಗಿ ಬಿತ್ತು. ಮಿಲ್ಲಿನ ಯಜಮಾನರ ಹೆಂಡತಿ ನನ್ನ ಕಡೆ ಬಾಗಿ, “ಅವರು ನಿಮ್ಮವರೇನವ್ವಾ? ಚಲೋ ಬಾರಿಸ್ತಾರ” ಎಂದರು. ಹೂಂ ಎಂದೆ. ನನ್ನ ಕಿವಿಯೂ ಯಾವುದು ಕೈ ಯಾವುದು ಡಬ್ಬಿ ಎಂದು ಹುಡುಕುವುದನ್ನು ಬಿಟ್ಟಿತ್ತು. ಶರಬತ್ತು ಕುಡಿದೆ.

ಮಂಗಳಾರತಿಯ ಪದ ಶುರುವಾಯಿತು. ಎರಡನೆಯ ನುಡಿಗೆ ಅಣ್ಣಾರು ತೊಡೆ ತಟ್ಟಿದರು.

ಅವರು ತೊಡೆ ತಟ್ಟಿದರೆ ಲಯ ಏರಬೇಕು. ಭಜನೆಯೆಂದರೆ ಏರುವುದು. ಮೊದಲು ಮೆಲ್ಲಗೆ, ಆಮೇಲೆ ಜೋರು, ಕೊನೆಗೆ ತಾಳಗಳು ಒಂದರ ಮೇಲೊಂದು ಬಿದ್ದು ಕೂತವರು ಎದ್ದು ನಿಲ್ಲುವಷ್ಟು. ಇದು ಗೊತ್ತಿಲ್ಲದ ಕೂಸು ನಮ್ಮ ಕಡೆ ಇಲ್ಲ. ನಾನು ಎಷ್ಟು ವರ್ಷ ಕೇಳಿದವಳು, ಇವರು ಎಷ್ಟು ವರ್ಷ ಬಾರಿಸಿದವರು. ಇಬ್ಬರಿಗೂ ಅಷ್ಟು ತಿಂಗಳಲ್ಲಿ ಒಂದು ದಿನವೂ ಇದು ನೆನಪಾಗಲಿಲ್ಲ. ನಾವು ಎಲ್ಲವನ್ನೂ ರೊಟ್ಟಿಯ ಬಡಿತಕ್ಕೆ ಹೊಂದಿಸಿದ್ದೆವು. ರೊಟ್ಟಿಯ ಬಡಿತ ಏರುವುದಿಲ್ಲ.

ಮೊದಲು ಇವರಿಗೇ ತಿಳಿಯಿತು. ಭುಜ ಬಿಗಿಯಾದದ್ದು ನನಗೆ ದೂರದಿಂದ ಕಂಡಿತು. ಲಯ ಮುಂದೆ ಹೋಯಿತು, ಡಬ್ಬಿಯ ಸ್ವರ ತನ್ನ ಹಳೆಯ ವೇಳೆಗೇ ಬಂತು. ಎರಡು ಮೀಟುಗಳ ನಡುವೆ ಬೀಳಬೇಕಾದದ್ದು ಮುಂದಿನ ಮೀಟಿನ ಹಿಮ್ಮಡಿ ತುಳಿಯತೊಡಗಿತು. ನಾವು ಅಷ್ಟು ಕಷ್ಟಪಟ್ಟು ಅದಕ್ಕೆ ಹೊಳಪು ಕೊಟ್ಟಿದ್ದೆವಲ್ಲ, ಮೊದಲಿನ ಹಾಗೆ ಕೌದಿಯೊಳಗಿದ್ದಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಈಗ ಖಡಾಖಂಡಿತವಾಗಿ, ಎಲ್ಲರಿಗೂ ಕೇಳುವ ಹಾಗೆ ತಪ್ಪುತ್ತಿತ್ತು. ಇವರು ತಲೆ ಎತ್ತಿ ಹೆಂಗಸರ ಸಾಲಿನಲ್ಲಿ ನನ್ನನ್ನು ಹುಡುಕಿದರು.

ನೀರಿನ ಚೊಂಬು ಹಿಡಿದು ಎದ್ದೆ. ಗಂಡಸರ ನಡುವೆ ಹಾದು, ಅವರಿಗೆ ನೀರು ಇಡುವವಳಂತೆ ಹಿಂದೆ ಕುಕ್ಕರಗಾಲಲ್ಲಿ ಕೂತು ವೇಳೆಯ ನಾಬಿಗೆ ಕೈ ಹಾಕಿದೆ. ಲಯಕ್ಕೆ ಸರಿಯಾಗಿ ತಿರುಗಿಸುತ್ತ ಹೋದರೆ ಡಬ್ಬಿಯನ್ನೂ ಏರಿಸಬಹುದು ಎಂದಷ್ಟೇ ಹೊಳೆದಿತ್ತು. ತಿರುಗಿಸಿದೆ.

ಬುಟ್ಟಿ ಸಾಗಿಸುವ ಸಾಲಿಗೆ ನಡುವೆಯೇ ಜಲ್ದಿ ಜಲ್ದಿ ಎಂದರೆ, ಆಗಲೇ ಸಾಲಿನೊಳಗಿರುವ ಬುಟ್ಟಿಗಳೂ ಎದ್ದುಬಿದ್ದು ಓಡುತ್ತವೆ. ಸಾಲಿನಲ್ಲಿದ್ದ ಸ್ವರ ಹಾಗೆ ಓಡಿ, ಕುಂಯ್ ಎಂದು ಮೇಲಕ್ಕೆ ಹೋಯಿತು. ಇನ್ನಷ್ಟು ತಿರುಗಿಸಿದೆ. ಇನ್ನೊಂದು ಕುಂಯ್.

ಢೋಲಕ್ಕಿನವನು ಬಾರಿಸುತ್ತಲೇ ನಕ್ಕ. “ಅಣ್ಣಾ, ನಿನ್ನ ಡಬ್ಬ್ಯಾಗ ನಾಯಿಮರಿ ಹೊಕ್ಕದೇನು?”

ಪಕ್ಕದವರಿಬ್ಬರು ನಕ್ಕರು. ತಮಾಷೆಯಷ್ಟೇ, ಮನಸ್ಸಿನಲ್ಲಿ ಏನೂ ಇಲ್ಲದ ನಗು. ನನ್ನ ಕೈ ನಾಬಿನ ಮೇಲೆಯೇ ಇತ್ತು. ಇವರು ನನ್ನ ಕಡೆ ನೋಡಲಿಲ್ಲ. ಎಡಗಾಲು ಮುಂದೆ ಸರಿಸಿ ಸ್ವಿಚ್ಚು ಒತ್ತಿ ಡಬ್ಬಿಯನ್ನು ಆರಿಸಿಬಿಟ್ಟರು.

ಉಳಿದದ್ದು ಅರ್ಧ. ಕೈ, ಖಾಲಿ, ಕೈ, ಖಾಲಿ. ಈಗ ಸಿಕ್ಕಿಬೀಳುತ್ತೇವೆ, ಈಗ ಅಣ್ಣಾರು ತಿರುಗುತ್ತಾರೆ ಎಂದು ನಾನು ಚೊಂಬನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಅಣ್ಣಾರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಲಯ ಇನ್ನೂ ಏರಿತು. ಇವರ ಕೈ ಅದಕ್ಕೂ ನಿಲುಕದೆ ಕಾಲು ಭಾಗವಾಯಿತು, ಆಮೇಲೆ ಎಲ್ಲೋ ಒಂದು ಕಡೆ ಒಂದು ಮೀಟು. ತಾಳಗಳು ಝಣಝಣ ಎನ್ನುತ್ತಿದ್ದವು, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಾರೂ ತಿರುಗಲಿಲ್ಲ. ಆರತಿ ಎತ್ತಿದರು, ಜಯಕಾರ ಹಾಕಿದರು, ಪದ ಮುಗಿಯಿತು.

ಊಟದ ಪಂಕ್ತಿಯಲ್ಲಿ ಅಣ್ಣಾರು ಇವರ ಪಕ್ಕದಲ್ಲೇ ಕೂತು ಬೆನ್ನು ಚಪ್ಪರಿಸಿದರು. “ಕೊನಿ ಪದ ಭಾಳ ರಂಗೇರ್ತು ನೋಡು ತಮ್ಮಾ. ನೀ ಇದ್ರ ಮ್ಯಾಳಕ್ಕ ಒಂದು ಕಳಿ.”

ಇವರು ಹುಗ್ಗಿಯಲ್ಲಿ ಚಮಚ ಆಡಿಸುತ್ತಿದ್ದರು. ಅಣ್ಣಾರ ಮುಖವನ್ನು ನಾನು ಬಹಳ ಹೊತ್ತು ನೋಡಿದೆ. ಏನನ್ನೋ ಮುಚ್ಚಿಟ್ಟು ಸಮಾಧಾನ ಹೇಳುವವರ ಮುಖ ನನಗೆ ಗೊತ್ತು, ಒಂದು ವರ್ಷದಿಂದ ಬಂದುಹೋದವರೆಲ್ಲರಲ್ಲೂ ಅದನ್ನೇ ನೋಡಿದ್ದೇನೆ. ಇದು ಅದಲ್ಲ. ಅವರು ಖರೆಯೇ ಹೇಳುತ್ತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಇವರು, ನನ್ನ ಮಡಿಲಲ್ಲಿ ಚೀಲ. ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಮಾನ್ವಿ ಬಿಟ್ಟು ಬಹಳ ದೂರ ಬಂದ ಮೇಲೆ ಮಾತಾಡಿದರು.

“ನಾ ಬಾರಿಸಲಾರದ್ದು ಯಾರಿಗೂ ತಿಳೀಲಿಲ್ಲ.”

“ತಿಳೀಬಾರದು ಅಂತಲೇ ಅಲ್ರೀ ನಾವು ಇಷ್ಟೆಲ್ಲ ಮಾಡಿದ್ದು.”

“ಅದಲ್ಲ ನಾ ಹೇಳಾಕತ್ತಿದ್ದು. ಡಬ್ಬಿ ಆರಿಸಿದ ಮ್ಯಾಗೂ ತಿಳೀಲಿಲ್ಲ. ಕೈ ನಿಂತ ಮ್ಯಾಗೂ ತಿಳೀಲಿಲ್ಲ. ಹಂಗಂದ್ರ ಇಷ್ಟು ವರ್ಷ ಆ ಕೊನಿ ನುಡಿಗಿ ನಾ ಯಾರಿಗಿ ಬಾರಿಸೀನಿ? ಬೆರಳು ಹರದು ರಕ್ತ ಬರೂತನಕ ಬಾರಿಸೀನಿ. ಯಾರ ಕೇಳ್ಯಾರ?”

ನಾನು ಕೇಳಿದ್ದೇನೆ ಎನ್ನಬೇಕಾಗಿತ್ತು. ಅಷ್ಟರಲ್ಲಿ ನನಗೂ ಅನುಮಾನ ಬಂದಿತ್ತು. ಆ ಕೊನೆಯ ನುಡಿಯ ಗದ್ದಲದಲ್ಲಿ ನಾನು ನಿಜವಾಗಿ ಗಿಟಾರು ಕೇಳಿದ್ದೆನೋ, ಅಥವಾ ಅವರ ಕೈ ಆಡುವುದನ್ನು ನೋಡಿ ಕೇಳಿದೆ ಎಂದುಕೊಂಡಿದ್ದೆನೋ. ಹೇಳುವ ಹೊತ್ತು ಹೋಯಿತು. ಕಂಡಕ್ಟರ್ ಬಂದು ಟಿಕೆಟ್ ಕೇಳಿದ.

ಮನೆಗೆ ಬಂದು ಬಾಗಿಲು ತೆಗೆದು, ಅವರ ಅಂಗಿ ಬಿಡಿಸಿದೆ. ಟಿಚ್ ಬಟನ್‌ಗಳು ಒಂದೇ ಎಳೆತಕ್ಕೆ ಬಿಚ್ಚಿಕೊಂಡವು. ಡಬ್ಬಿಯನ್ನು ಚೀಲದಿಂದ ತೆಗೆದು ಕೇಳಿದೆ. “ಹಳೇ ಕೆಪಾಸಿಟರ್ ಎಲ್ಲಾ ಒಂದು ಪೊಟ್ಟಣದಾಗ ತಗದಿಟ್ಟೀನಿ. ಮೊದಲಿನಂಗ ಮಾಡ್ಲೇನು?”

“ಹೆಂಗಿದ್ರೇನು.”

ದೀಪ ಹಚ್ಚುವ ಹೊತ್ತಿಗೆ ಅಣ್ಣಾರ ಫೋನು ಬಂತು. ಇವರು ತೆಗೆಯಲಿಲ್ಲ, ನಾನು ತೆಗೆದೆ.

“ಯವ್ವಾ, ತಮ್ಮ ಎಲ್ಲಿದಾನ?”

“ಇಲ್ಲೇ ಕುಂತಾರ್ರೀ ಅಣ್ಣಾರ.”

“ಅವನಿಗಿ ಹೇಳು. ಮಾಸ್ತರಿಗಿ ಫೋನ್ ಮಾಡಿ ಹೇಳಿಬಿಟ್ಟೀನಿ, ನಮ್ಮಾಂವ ಬಂದಾನ, ನಿಮಗ ಇನ್ನ ತ್ರಾಸು ಬ್ಯಾಡ ಅಂತ. ಅವನ ಜಾಗ ಅವನದೇ. ಸೋಮವಾರ ಬಾ ಅನ್ನು.”

ಫೋನಿನ ದನಿ ಜೋರಾಗಿತ್ತು, ಇವರಿಗೂ ಕೇಳಿಸಿತು. ಫೋನನ್ನು ಅವರ ಕಡೆ ಹಿಡಿದೆ. ತಲೆ ಅಲ್ಲಾಡಿಸಿದರು. ನಾವು ಅಷ್ಟು ತಿಂಗಳು ಕಣ್ಣು ಸುಟ್ಟುಕೊಂಡು ಬೇಡಿದ್ದು ಆ ಒಂದು ಮಾತನ್ನೇ. ಅದು ಬಂದಾಗ ತೆಗೆದುಕೊಳ್ಳಲು ಕೈ ಚಾಚುವವರು ಇರಲಿಲ್ಲ.

“ಬರ್ತಾರ್ರೀ” ಎಂದೆ ನಾನೇ.

ಫೋನು ಇಟ್ಟ ಮೇಲೆ ಕೇಳಿದರು. “ಯಾಕ ಹಂಗ ಹೇಳ್ದಿ?”

“ಮತ್ತೇನು ಹೇಳ್ಬೇಕಾಗಿತ್ತು?”

“ನಾ ಹೋಗಂಗಿಲ್ಲ.”

“ಸೋಮವಾರ ಇನ್ನ ದೂರ ಅದ. ಊಟಕ್ಕ ಏಳ್ರಿ.”

ಎದ್ದರು. ಎದ್ದರು ಎನ್ನುವುದನ್ನು ಬರೆದಿಡುತ್ತೇನೆ, ಯಾಕೆಂದರೆ ಏಳದ ದಿನಗಳೂ ನನಗೆ ಗೊತ್ತಿವೆ. ಅನ್ನ ಮಜ್ಜಿಗೆ ಕಲಸಿದೆ, ಬದಿಗೆ ನಂಜಿಕೊಳ್ಳಲು ಶೇಂಗಾ ಹಿಂಡಿ. ಮಿಲ್ಲಿನವರು ಡಬ್ಬಿಯಲ್ಲಿ ಕಟ್ಟಿಕೊಟ್ಟ ಗೋಧಿ ಹುಗ್ಗಿಯನ್ನು ಬಿಸಿಮಾಡಿದ್ದೆ. ಅದನ್ನವರು ಮುಟ್ಟಲಿಲ್ಲ, ನಾನು ಒಂದು ಚಮಚ ತಿಂದು ಮುಚ್ಚಿಟ್ಟೆ. ಸೀರೆಯ ಮಡಿಕೆಯಿಂದ ಗುಳಿಗೆ ತೆಗೆದುಕೊಟ್ಟೆ, ನುಂಗಿದರು. ಹಾಸಿಗೆ ಹಾಸಿದೆ. ಇವರು ಮಲಗಿ ಉಸಿರು ನಿಧಾನವಾಗುವವರೆಗೆ ಎಚ್ಚರವಿರಬೇಕೆಂದು ಗೋಡೆಗೆ ಒರಗಿ ಕೂತಿದ್ದೆ. ಅವರು ಮಾಳಿಗೆ ನೋಡುತ್ತ ಮಲಗಿದ್ದರು, ಬಲಗೈ ಎದೆಯ ಮೇಲೆ. ಮೊದಲು ನಿದ್ದೆ ಹತ್ತಿದ್ದು ನನಗೆ.